ನೂರಕ್ಕ ಎರಡು

ಟಾಂಗಾ ಕೂಟದಿಂದ ನಾಕು ಹೆಜ್ಜಿಗೆ ಗಂಜಿಯವರ ಸೀರಿ ಅಂಗಡಿ.
ಗಾದಿ ಮ್ಯಾಲೆ ಮಾಲಕರು, ಗಾದಿ ಕೆಳಗ ನಾನು,
ತೊಡಿ ಮ್ಯಾಲೆ ಕೆಂಪು ಬಟ್ಟಿ ಹೊದ್ದ ಕಿರ್ದಿ.
ಇಪ್ಪತ್ತಾರು ವರ್ಷ ಹಿಂಗ.

ಉದ್ರಿ ಕೊಡೂದಂದ್ರ ಮಾರಿ ಓದೂದು.
ಯಾರ ಕೈ ಮೊದಲು ಸೆರಗಿಗೆ ಹೋಗತದ, ಯಾರದು ಬೆಲಿ ಚೀಟಿಗೆ,
ಹಳೇ ಬಾಕಿ ಮಾತು ಯಾರು ತಾವಾಗೇ ತೆಗೀತಾರ,
ಯಾರು ನಮ್ಮ ಮುಂದ ಹಾಯಲಾರದ
ಎಣ್ಣಿ ಗಿರಣಿ ಸಂದಿಯಿಂದ ಸುತ್ತು ಹಾಕಿ ಹೋಗತಾರ.
ಇಂಥವರಿಗೆ ಇಷ್ಟ ಅಂತ ಮಿತಿ ನಾವೂ ಇಟ್ಟಿದ್ವಿ,
ಅವರಿಗೆ ಹೇಳತಿರಲಿಲ್ಲ, ಅಷ್ಟ.

ಬ್ಯಾಂಕಿನ ಹುಡುಗ ಬಂದ. ಏಪ್ರಿಲ್ ಬಿಸಲಾಗ ಟೈ.
‘ಕಾರ್ಡು ಯಾರ ಕಡೆ ಐತೋ ತಮ್ಮಾ, ಗದಗಿನ್ಯಾಗ?’
‘ನೀವು ಮಷಿನ್ ಇಟ್ಟರ ಜನ ತಗೋತಾರ್ರಿ.’
‘ಜನ ತಗೊಳ್ಳಿ, ಆಮ್ಯಾಲೆ ಇಡತೇನಿ.’
ಮದುವಿ ಆಗದ ಹುಚ್ಚು ಬಿಡಂಗಿಲ್ಲ,
ಹುಚ್ಚು ಬಿಡದ ಮದುವಿ ಆಗಂಗಿಲ್ಲ.
ಮೂರು ಸಲ ಚಹಾ ಕುಡಿದು ಹೊಳ್ಳಿ ಹೋದ.
ನಾಕನೇ ಸಲಕ್ಕ ಮದುವಿ ಮಾಡಿಸೇ ಎದ್ದ.

ಮೊದಲನೇ ಕಾರ್ಡು ರಾಬಿಯಾ ಟೀಚರದು.
ಹನ್ನೊಂದು ವರ್ಷ ನಮ್ಮ ಉದ್ರಿ ಗಿರಾಕಿ.
ಇಳಕಲ್ ಸೀರಿ, ಸಾವಿರದ ಎಂಟನೂರು.
ಮಷಿನ್ ಫೋನಿನ ವಾಯರಿನಾಗ ಕಪ್ಪಿ ಒದರಿದಂಗ ಒದರಿತು,
ಅಂಗಡಿ ಪೂರಾ ಉಸಿರು ಹಿಡಕೊಂಡು ನಿಂತಿತು,
ಕಿರ್ರ್ ಅಂತ ನಾಲಿಗಿ ಚಾಚಿತು ಚೀಟಿ.
ಟೀಚರು ಸಹಿ ಮಾಡಿದ್ರು.
ನನ್ನ ಮಾರಿ ನೋಡದನ ಮೆಟ್ಟಲ ಇಳದ್ರು, ತಲಿ ಎತ್ತಿ.
ಹನ್ನೊಂದು ವರ್ಷ ನನ್ನ ಕೈಲೆ ಓದಿಸಿಕೊಂಡದ್ದು
ಎಷ್ಟು ಭಾರ ಇತ್ತೋ ಆ ಹೆಣ್ಣಮಗಳಿಗೆ,
ಆವತ್ತು ತಿಳೀತು, ಬೆನ್ನು ನೋಡಿದಾಗ.

ಮೂರು ದಿನಕ್ಕ ರೊಕ್ಕ ಜಮಾ:
ಸಾವಿರದ ಏಳನೂರಾ ಅರವತ್ನಾಕು.
‘ಮೂವತ್ತಾರು ಯಾವ ಖಾತೆಕ್ಕ ಬರೀಲ್ರಿ?
ದಲಾಲಿ? ಧರ್ಮ? ಇಲಿ ತಿಂದದ್ದು?’
ಮಾಲಕರು ಎಲಿ ಮಡಚತಾ ಅಂದ್ರು:
‘ಎಲ್ಲಾ ಸೀರಿಗೂ ಹಂಚಿಬಿಡು.’
ಹಂಚಿದೆ. ಸಂಜಿತನಕ ಕುಂತು ಚೀಟಿ ಬದಲಿಸಿದೆ.
ಮುನ್ನೂರಾ ಐವತ್ತು ಇದ್ದದ್ದು ಮುನ್ನೂರಾ ಐವತ್ತೇಳು.

ಬೆಟಗೇರಿ ಸಂತ್ಯಾಗ ಮೆಂತೆಪಲ್ಲೆ ಮಾರೋ ಗಾಳೆವ್ವ
ಹ್ವಾದ ವಾರ ಸೀರಿ ನೋಡಿ ಬೆಲಿ ಕೇಳಿ ಹೋಗಿದ್ಲು.
ಸೆರಗಿನ ಗಂಟು ಬಿಚ್ಚಿ ಎಣಿಸಿದ್ಲು,
ಮಣ್ಣಿನ ವಾಸನಿ ನೋಟು, ಚಿಲ್ಲರಿ ಕೂಡಿ
ಸರಿಯಾಗಿ ಮುನ್ನೂರಾ ಐವತ್ತು.
‘ಎಂಟು ದಿನದಾಗ ಸೀರಿ ಬೆಳೀತೇನೋ ಯಪ್ಪಾ?’

ಅದೇ ತಿಂಗಳು ರಾಬಿಯಾ ಟೀಚರು ಖುಷೀಲೆ ತೋರಿಸಿದ್ರು,
ಕಾರ್ಡಿನ ಪಾಯಿಂಟಿಗೆ ಬಂದ ಉಕ್ಕಿನ ಥರ್ಮಾಸು.
‘ಪುಕ್ಕಟ ನೋಡ್ರಿ!’
ಆ ಥರ್ಮಾಸಿನಾಗ ಮೆಂತೆಪಲ್ಲೇದ ಪಾಲು ಐತಿ ಅಂತ
ಟೀಚರಿಗೆ ಗೊತ್ತಿಲ್ಲ, ಗಾಳೆವ್ವಗ ಗೊತ್ತಿಲ್ಲ,
ಆ ಟೈ ಹುಡುಗಗೂ ಗೊತ್ತಿತ್ತೋ ಇಲ್ಲೋ.

ಮುನ್ನೂರಾ ಐವತ್ತೇ ತಗೊಂಡೆ.
ಕಿರ್ದಿಯೊಳಗ ಸಣ್ಣಕ್ಷರದಾಗ ಬರದೆ:
ಗಾಳೆವ್ವನ ಬಾಬತ್ತು, ಏಳು, ನನ್ನ ಹೆಸರಿಗೆ.

ದೀಪಾವಳಿ ಪೂಜಿಗೆ ಕಿರ್ದಿ ಪಕ್ಕ
ಮಷಿನ್ನಿಗೂ ಕುಂಕುಮ ಏರಿಸಿದ್ರು ಮಾಲಕರು.
ಪುಟ ತಿರುವೋ ಬೆರಳು ಆ ಸಾಲಿನ ಮ್ಯಾಲೆ ನಿಂತಿತು.
ನನ್ನನ್ನ ನೋಡಿದ್ರು. ತಿರುವಿದ್ರು.
ಆ ತಿಂಗಳ ಪಗಾರದಾಗ ಏಳು ರೂಪಾಯಿ ಕಡಿಮಿ.
ಲೆಕ್ಕ ಅಂದ್ರ ಲೆಕ್ಕ.

ಮೊನ್ನೆ ಹಳೇ ಬಿಸ್ಕಿಟ್ ಡಬ್ಬಿ ತೆಗದೆ.
ಆ ವರ್ಷದ ಮಷಿನ್ ಚೀಟಿ ಎಲ್ಲಾ ಬೆಳ್ಳಗ,
ಅಂಗಡಿ ಹೆಸರಿಲ್ಲ, ತಾರೀಖಿಲ್ಲ, ಅಂಕಿ ಇಲ್ಲ.
ಒಂದರ ತಳಕ್ಕ ನೀಲಿ ಬಾಲ್‌ಪೆನ್ನಿನ ರಾಬಿಯಾ ಅನ್ನೂದೊಂದ ಉಳದದ.
ಎಷ್ಟಕ್ಕ ಸಹಿ ಮಾಡಿದ್ರು ಅನ್ನೂದು
ಚೀಟಿಗೇ ನೆನಪಿಲ್ಲ.